ಕೃಷ್ಣಗಿರಿಯ ಕೋಟೆ: ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ



ಶಾಲೆಯ ನೂರು ವರ್ಷಗಳನ್ನು ಕುರಿತು ಹಿರಿಯರು ಈಗಾಗಲೇ ಮಾತನಾಡಿದ್ದಾರೆ. ಶಾಲೆಗಿಂತ ಬಹಳ ಹಳೆಯದಾದ ಕಟ್ಟಡವೊಂದನ್ನು ಕುರಿತು ನಾನು ನಾಲ್ಕು ಮಾತು ಹೇಳಬಯಸುತ್ತೇನೆ. ಏರ್ಕಾಡಿನಿಂದ ಹೊಸೂರಿನವರೆಗಿನ ನಾಡೆಲ್ಲ ಹಿಂದೆ ಒಂದೇ ಸೇಲಂ ಜಿಲ್ಲೆಯಾಗಿತ್ತು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಗಳಾದವು. ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಣುವ ಕೃಷ್ಣಗಿರಿಯ ಬಂಡೆಬೆಟ್ಟವೇ ನನ್ನ ವಿಷಯ.

ವಿಜಯನಗರದ ಕಾಲದ ಈ ದುರ್ಗ, ಪೆನುಗೊಂಡೆಯ ರಕ್ಷಣೆಗೆ ಹೋರಾಡಿದ ಜಗದೇವರಾಯನಿಗೆ ಬಾರಾಮಹಲ್ ಸೀಮೆಯೊಡನೆ ದೊರೆಯಿತು. ಮುಂದೆ ಆ ಮನೆತನದ ರಾಜಧಾನಿ ಚನ್ನಪಟ್ಟಣ. ಈ ಸೀಮೆಯಲ್ಲಿ ಕನ್ನಡವೇಕೆ ಎಂದು ಕೇಳುವವರಿಗೆ ಇದೊಂದನ್ನು ತಿಳಿಸಿದರೂ ಸಾಕು. ಅನಂತರ ಬಿಜಾಪುರ, ಮರಾಠರು, ಮೈಸೂರು, ಕಡಪದ ನವಾಬರು ಹೀಗೆ ಒಡೆಯರು ಬದಲಾಗಿ, ಕೊನೆಗೆ ಕೋಟೆ ಹೈದರ್ ಅಲಿಯ ವಶವಾಯಿತು.

1767ರಲ್ಲಿ ಇಂಗ್ಲಿಷರ ದಾಳಿ ವಿಫಲವಾಯಿತು. ಮರುವರ್ಷ ಕೋಟೆ ಶರಣಾದುದು ಏಣಿಗಾಗಲಿ ಫಿರಂಗಿಗಾಗಲಿ ಅಲ್ಲ, ದೀರ್ಘ ದಿಗ್ಬಂಧನಕ್ಕೆ. ಸಂಧಿಯಾದ ಮೇಲೆ ಅದು ಮತ್ತೆ ಮೈಸೂರಿಗೆ ಸೇರಿತು. 1791ರ ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿಯ ಪಡೆ ಕೆಳಗಿನ ಪೇಟೆಯನ್ನು ಹಿಡಿದು, ಓಡುತ್ತಿದ್ದವರ ಬೆನ್ನಟ್ಟಿ ಮೇಲಿನ ಬಾಗಿಲವರೆಗೂ ಏರಿತು. ಬಾಗಿಲು ಮುಚ್ಚಿತು. ಮೇಲಿನಿಂದ ಉರುಳಿಬಂದ ಬಂಡೆಗಳು ಏಣಿಗಳನ್ನೂ ಏಣಿ ಹೊತ್ತವರನ್ನೂ ಹೊಸಕಿಹಾಕಿದವು. ಪಡೆ ಹಿಂದಿರುಗಿತು. ಆ ಬಂಡೆಗಳನ್ನು ಉರುಳಿಸಿದವರ ಹೆಸರು ಪಠ್ಯಪುಸ್ತಕದಲ್ಲಿಲ್ಲ. ಮ್ಯಾಕ್ಸ್‌ವೆಲ್ಲನ ಹೆಸರನ್ನೇ ನಾನೂ ಹೇಳಬೇಕಾಗಿದೆ!

ನಾಲ್ಕು ತಿಂಗಳಲ್ಲಿ, 1792ರ ಮಾರ್ಚಿನ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಕಂಪನಿಗೆ ಸೇರಿತು. ಗೋಡೆ ಹತ್ತಿ ಪಡೆಯಲಾಗದ ಕೋಟೆ ಕಾಗದದಲ್ಲಿ ಕೈಬದಲಾಯಿತು. ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿದರು. ಮದರಾಸು ಪ್ರಾಂತ್ಯದ ರೈತವಾರಿ ಪದ್ಧತಿ ಬೇರೂರಿದ್ದು ಇಲ್ಲಿಯೇ. ಸೈನಿಕರ ಕಾಲ ಮುಗಿದು ಕಂದಾಯದವರ ಕಾಲ ಬಂದಿತ್ತು.

ಇಂದು ಬೆಟ್ಟದ ಮೇಲೆ ಉಳಿದಿರುವುದು ಮುರಿದ ಗೋಡೆಗಳು, ಬಂಡೆಗಳ ನಡುವಿನ ನೀರಿನ ಹೊಂಡಗಳು, ಸೈಯದ್ ಪಾಷಾ ದರ್ಗಾ. ಮಕ್ಕಳು ಮೊದಲು ಹೊಂಡಗಳನ್ನೇ ನೋಡಲಿ. ದಿಗ್ಬಂಧನದ ದಿನಗಳಲ್ಲಿ ಕತ್ತಿಗಿಂತ ನೀರು ದೊಡ್ಡದು. ಗೋಡೆಗಳ ಮೇಲೆ ಹೆಸರು ಕೆತ್ತುವುದನ್ನಂತೂ ನಮ್ಮ ಶಾಲೆಯ ಮಕ್ಕಳು ಮಾಡಬಾರದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿ ಅಜ್ಜ ಮುತ್ತಜ್ಜಂದಿರ ಕನ್ನಡ ಪತ್ರಗಳಿದ್ದರೆ, ಪಟ್ಟಾಗಳಿದ್ದರೆ ಶಾಲೆಗೆ ತನ್ನಿ. ನಕಲು ತೆಗೆದುಕೊಂಡು ಮೂಲವನ್ನು ನಿಮಗೇ ಹಿಂದಿರುಗಿಸುತ್ತೇವೆ. ಗೆದ್ದಲು ಮುಟ್ಟುವ ಮುನ್ನ ತನ್ನಿ.