ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ



ಬೋರನಕಣಿವೆ ಎಂದೊಡನೆ ಸುವರ್ಣಮುಖಿ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ ನೆನಪಾಗುತ್ತದೆ. ಈ ಸೀಮೆಯ ತೋಟಗಳಿಂದ ಕಾಯಿ, ಮಟ್ಟೆ, ನಾರು ಹೊತ್ತು ಡೀಸೆಲ್ ಪಿಕಪ್ ವಾಹನಗಳು ದಿನವೂ ಓಡಾಡುತ್ತವೆ. ಕೊಬ್ಬರಿ ಚೀಲಗಳು ತಿಪಟೂರು ಮಾರುಕಟ್ಟೆ ಸೇರುವುದೂ ಇವುಗಳಲ್ಲೇ. ನಿಮ್ಮಲ್ಲಿ ಕೆಲವರ ಮನೆಯಂಗಳದಲ್ಲೇ ಇಂಥ ಗಾಡಿ ನಿಂತಿರಬಹುದು.

ಇಳಿಜಾರು ಬಂದ ಕೂಡಲೇ ಕೆಲವು ಚಾಲಕರು ಗೇರನ್ನು ನ್ಯೂಟ್ರಲ್‌ಗೆ ತರುತ್ತಾರೆ. ಎಂಜಿನ್ನನ್ನೇ ಆರಿಸುವವರೂ ಉಂಟು. ಡೀಸೆಲ್ ಉಳಿಯಿತೆಂದು ಅವರಿಗೆ ಸಮಾಧಾನ. ನಿಜವಾಗಿ ಉಳಿಯುತ್ತದೆಯೇ?

ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಅದಕ್ಕೆ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಡೀಸೆಲ್ ಚಿಮ್ಮುವುದು ಬಹುಮಟ್ಟಿಗೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೋ, ಎಂಜಿನ್ ಆರದಿರಲು ಡೀಸೆಲ್ ಉರಿಯುತ್ತಲೇ ಇರಬೇಕು. ಎಂಜಿನ್ ಆರಿಸಿದರೆ ಇನ್ನೂ ಕೇಡು: ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ.

ಈಗ ನಿಮ್ಮ ಭೌತಶಾಸ್ತ್ರದ ಲೆಕ್ಕಕ್ಕೆ ಬರೋಣ. ಸರಕು ಸೇರಿ 3000 ಕಿಲೋಗ್ರಾಂ ತೂಗುವ ಗಾಡಿ 20 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 6 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಎರಡು ಲೀಟರಿನಷ್ಟು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವ ಶಾಖ ಅದು. ಗಾಡಿ ಗೇರಿನಲ್ಲಿದ್ದರೆ ಎಂಜಿನ್ ಅದರ ದೊಡ್ಡ ಪಾಲನ್ನು ತಡೆಯುತ್ತದೆ. ನ್ಯೂಟ್ರಲ್‌ನಲ್ಲಿ ವೇಗ ಹತೋಟಿಯಲ್ಲಿಡುವ ಹೊರೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಅತಿಯಾಗಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ವೇಗ 30ರಿಂದ 60 ಕಿಲೋಮೀಟರಿಗೆ ಏರಿದರೆ ಚಲನಶಕ್ತಿ ಇಮ್ಮಡಿಯಲ್ಲ, ನಾಲ್ಮಡಿ ಎಂಬುದನ್ನೂ ಮರೆಯಬೇಡಿ. ಆದ್ದರಿಂದಲೇ ಅನುಭವಿ ಚಾಲಕರು ಏರನ್ನು ಹತ್ತುವ ಗೇರಿನಲ್ಲೇ ಇಳಿಯುತ್ತಾರೆ. ಆ ಗೇರನ್ನು ಇಳಿಜಾರು ಆರಂಭವಾಗುವ ಮುನ್ನವೇ ಹಾಕಬೇಕು.

ಬ್ರೇಕ್ ಆಯಿಲಿಗೆ ಗಾಳಿಯ ತೇವ ಹೀರುವ ಗುಣವಿದೆ. ಹಳೆಯ ಆಯಿಲ್ ಕಾದಾಗ ಅದರಲ್ಲಿನ ನೀರು ಆವಿಯಾಗಿ, ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು. ತಯಾರಕರು ಹೇಳಿದ ಅವಧಿಗೆ ಅದನ್ನು ಬದಲಿಸಬೇಕು. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಆಗಾಗ ಬಸಿಯಬೇಕು, ಇಲ್ಲವಾದರೆ ಇಂಜೆಕ್ಟರ್ ಕೆಡುತ್ತದೆ. ಮಣ್ಣುರಸ್ತೆಯ ಧೂಳು, ನಾರಿನ ಪುಡಿ ತುಂಬಿದ ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಉಸಿರು ಕಟ್ಟಿ ಕಪ್ಪು ಹೊಗೆ ಬರುತ್ತದೆ. ಟಯರಿನ ಗಾಳಿಯನ್ನು ಹೊರಡುವ ಮುನ್ನ, ಟಯರ್ ತಣ್ಣಗಿರುವಾಗಲೇ ನೋಡಬೇಕು. ರೇಡಿಯೇಟರ್ ಬಿಸಿಯಿದ್ದಾಗ ಮುಚ್ಚಳ ತೆರೆಯಲೇಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಇನ್ನು ಸರಕಿನ ಮಾತು. ಕಾಯಿ ಭಾರ, ಮಟ್ಟೆ ಹಗುರ. ಹಗುರವೆಂದು ಮಟ್ಟೆಯನ್ನು ಗೋಪುರದಂತೆ ಪೇರಿಸಿದರೆ ಗುರುತ್ವಕೇಂದ್ರ ಮೇಲೇರಿ, ತಿರುವಿನಲ್ಲಿ ಗಾಡಿ ಮಗುಚುವ ಸಂಭವ ಹೆಚ್ಚುತ್ತದೆ. ಆ ಗೋಪುರದ ಮೇಲೆ ಸಂಜೆ ಮನೆಗೆ ಮರಳುವ ಕೂಲಿಯವರು ಕುಳಿತಿದ್ದರೆ? ಮಗುಚಿದಾಗ ಮೊದಲು ನೆಲಕ್ಕೆ ಬೀಳುವವರು ಅವರೇ. ಸರಕು ಗಾಡಿಯಲ್ಲಿ ಜನರನ್ನು ತುಂಬುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಅವರನ್ನು ಬಸ್ಸಿನಲ್ಲಿ ಕಳಿಸುವ ಖರ್ಚು ಒಂದು ಜೀವಕ್ಕಿಂತ ದೊಡ್ಡದಲ್ಲ.

ಮಿತ್ರರೇ, ಲೈಸೆನ್ಸ್ ಪಡೆಯುವ ತನಕ ಸ್ಟಿಯರಿಂಗ್ ನಿಮ್ಮದಲ್ಲ. ಆದರೆ ಈ ಲೆಕ್ಕ ಇಂದಿನಿಂದಲೇ ನಿಮ್ಮದು. ಗಾಡಿ ಓಡಿಸುವ ಅಪ್ಪನಿಗೋ ಅಣ್ಣನಿಗೋ ಕಾಗದದ ಮೇಲೆ ಬಿಡಿಸಿ ತೋರಿಸಿ. ಇಳಿಜಾರಿನಲ್ಲಿ ಗೇರು ಬಿಡುವ ಕೈ ಮುಂದಿನ ಸಲ ಕ್ಷಣಕಾಲ ತಡೆದರೂ ನೀವು ಕಲಿತ ವಿಜ್ಞಾನ ಸಾರ್ಥಕ.