ಇನ್, ಆನ್, ಅಟ್ ಮತ್ತು ನಮ್ಮ ‘ಅಲ್ಲಿ’
(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಂಥ ಸಂಭ್ರಮದ ದಿನ ವ್ಯಾಕರಣದ ಮಾತೇಕೆ ಎಂದು ನಿಮಗೆ ಅನಿಸಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಎಷ್ಟೋ ಮಕ್ಕಳು ಕಾಲೇಜಿನಲ್ಲಿ, ಕೆಲಸದ ಸಂದರ್ಶನದಲ್ಲಿ, ವಿಷಯ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಇಂಗ್ಲಿಷ್ ಎಲ್ಲಿ ತಪ್ಪುತ್ತದೋ ಎಂಬ ಅಂಜಿಕೆ. ಅವರನ್ನು ಹೆಚ್ಚು ಕಾಡುವವು ಇನ್, ಆನ್, ಅಟ್, ಟು, ಫಾರ್, ಫ್ರಮ್ ಎಂಬ ಪುಟ್ಟ ಪದಗಳು, ಅಂದರೆ ಪ್ರಿಪೊಸಿಷನ್‌ಗಳು.

ಈ ತಪ್ಪುಗಳಿಗೆ ಒಂದು ಕಾರಣವಿದೆ. ನಾವೆಲ್ಲ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳನ್ನು ನೆನಪಿಸಿಕೊಳ್ಳಿ: ಉ, ಅನ್ನು, ಇಂದ, ಗೆ, ಅ, ಅಲ್ಲಿ. ನಮ್ಮಲ್ಲಿ ಪ್ರತ್ಯಯ ಪದದ ಕೊನೆಗೆ ಅಂಟಿಕೊಳ್ಳುತ್ತದೆ; ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಪದಕ್ಕಿಂತ ಮೊದಲು ಬೇರೆಯಾಗಿ ನಿಲ್ಲುತ್ತದೆ. ಜೊತೆಗೆ, ನಮ್ಮ ಒಂದೇ ಪ್ರತ್ಯಯದ ಕೆಲಸವನ್ನು ಅಲ್ಲಿ ಮೂರು ನಾಲ್ಕು ಪದಗಳು ಹಂಚಿಕೊಂಡಿವೆ.

‘ಅಲ್ಲಿ’ಯನ್ನೇ ನೋಡಿ. ಚೀಲದಲ್ಲಿ ಅನ್ನಲು ‘ಇನ್ ದ ಬ್ಯಾಗ್’, ನೆಲದಲ್ಲಿ ಅನ್ನಲು ‘ಆನ್ ದ ಫ್ಲೋರ್’, ಬಸ್ ಸ್ಟಾಪಿನಲ್ಲಿ ಅನ್ನಲು ‘ಅಟ್ ದ ಬಸ್ ಸ್ಟಾಪ್’. ಒಳಗಿದ್ದರೆ ಇನ್, ಮೇಲೆ ತಾಗಿದ್ದರೆ ಆನ್, ಒಂದು ಗುರುತಿನ ಜಾಗ ಎಂದಷ್ಟೇ ಎಣಿಸಿದರೆ ಅಟ್. ಕಾರಿಗೆ ಇನ್, ಬಸ್ಸಿಗೆ ಆನ್, ಇದು ರೂಢಿ. ಕಾಲಕ್ಕೂ ಲೆಕ್ಕವಿದೆ: ತಿಂಗಳು, ವರ್ಷಕ್ಕೆ ಇನ್, ವಾರ, ತಾರೀಖಿಗೆ ಆನ್, ಗಂಟೆಗೆ ಅಟ್. ಸ್ವಾತಂತ್ರ್ಯ ಬಂದದ್ದು ‘ಇನ್ 1947’. ದಿನ ಹೇಳಿದರೆ ‘ಆನ್ 15 ಆಗಸ್ಟ್’.

ಇನ್ನು ನಮ್ಮ ರಜಾ ಅರ್ಜಿ. ‘ಮೂರು ದಿನಗಳಿಂದ ಜ್ವರದಿಂದ ಬಳಲುತ್ತಿದ್ದೇನೆ.’ ಒಂದೇ ವಾಕ್ಯದಲ್ಲಿ ಎರಡು ‘ಇಂದ’. ಜ್ವರದಿಂದ ಎಂಬುದು ‘ಫ್ರಮ್ ಫೀವರ್’. ಮೂರು ದಿನಗಳಿಂದ ಎಂಬುದನ್ನು ಮಕ್ಕಳು ‘ಸಿನ್ಸ್ ತ್ರೀ ಡೇಸ್’ ಎಂದು ಬರೆಯುತ್ತಾರೆ. ಆಗಬೇಕಾದದ್ದು ‘ಫಾರ್ ತ್ರೀ ಡೇಸ್’. ಸೋಮವಾರದಿಂದ ಎಂದಿದ್ದರೆ ‘ಸಿನ್ಸ್ ಮಂಡೇ’ ಸರಿ. ಯಾವಾಗ ಶುರುವಾಯಿತು ಎಂದು ಹೇಳಲು ಸಿನ್ಸ್, ಎಷ್ಟು ಕಾಲ ಎಂದು ಅಳೆಯಲು ಫಾರ್. ಕನ್ನಡದಲ್ಲಿ ಎರಡಕ್ಕೂ ‘ಇಂದ’ ಸಾಕು. ಮಗು ಎಡವುವುದು ಅದಕ್ಕೇ. ಅದು ದಡ್ಡತನವಲ್ಲ.

ಕೆಲವಕ್ಕೆ ಸೂತ್ರವೇ ಇಲ್ಲ. ‘ನನಗೆ ಹೇಳಿದ’ ಎಂಬುದು ‘ಟೋಲ್ಡ್ ಮೀ’, ಟು ಬೇಡ. ಆದರೆ ‘ಸೆಡ್ ಟು ಮೀ’ಗೆ ಟು ಬೇಕು. ನಾಯಿಗೆ ಹೆದರಿದರೆ ‘ಅಫ್ರೇಡ್ ಆಫ್’, ಲೆಕ್ಕದಲ್ಲಿ ಜಾಣನಾದರೆ ‘ಗುಡ್ ಅಟ್’. ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬರುವುದಿಲ್ಲ. ಇವನ್ನು ಜೋಡಿಯಾಗಿಯೇ ಕಲಿಯಬೇಕು. ‘ಹುಲಿಗೆ ಹೆದರು’, ‘ಹುಲಿಯನ್ನು ಓಡಿಸು’ ಎಂದು ನಾವು ಸೂತ್ರ ನೋಡಿ ಕಲಿತೆವೇ? ಕೇಳಿ ಕೇಳಿ ಕಲಿತೆವು.

ಒಂದು ವಿವೇಚನೆ ಬೇಕು. ‘ಚೆಂಡನ್ನು ಅವನೆಡೆಗೆ ಎಸೆ’ ಎನ್ನಲು ‘ಥ್ರೋ’ ಜೊತೆ ಟು ಬಂದರೆ ಅವನು ಹಿಡಿಯಲಿ ಎಂದರ್ಥ. ಅಟ್ ಬಂದರೆ ಅವನಿಗೆ ಗುರಿಯಿಟ್ಟು ಹೊಡೆ ಎಂದರ್ಥ. ಅರ್ಜಿಯನ್ನು ‘ಬೈ ಫ್ರೈಡೇ’ ಕೊಡಿ ಎಂದರೆ ಶುಕ್ರವಾರ ಮುಗಿಯುವುದರೊಳಗೆ. ‘ಆಫ್ಟರ್ ಫ್ರೈಡೇ’ ಕೊಟ್ಟರೆ ಅವಕಾಶ ಹೋಯಿತು. ಇಂಥಲ್ಲಿ ಎಚ್ಚರ ಅಗತ್ಯ. ಆದರೆ ‘ಸಿನ್ಸ್ ತ್ರೀ ಡೇಸ್’ ಎಂದರೂ ಕೇಳುವವರಿಗೆ ತಿಳಿಯುತ್ತದೆ. ಇಂಗ್ಲಿಷ್ ಮನೆಮಾತಿನವರಲ್ಲೂ ಒಮ್ಮತವಿಲ್ಲ: ವಾರಾಂತ್ಯಕ್ಕೆ ಬ್ರಿಟನ್ನಿನವರು ‘ಅಟ್ ದ ವೀಕೆಂಡ್’ ಎಂದರೆ ಅಮೆರಿಕದವರು ‘ಆನ್ ದ ವೀಕೆಂಡ್’ ಎನ್ನುತ್ತಾರೆ.

ಆದ್ದರಿಂದ ಕೆಲವು ಬಿನ್ನಹ. ಶಿಕ್ಷಕ ಮಿತ್ರರೇ, ಮಗು ಮಾತು ಮುಗಿಸಲಿ, ಆಮೇಲೆ ತಿದ್ದಿ. ಕಪ್ಪುಹಲಗೆಯ ಮೇಲೆ ಕನ್ನಡ ವಾಕ್ಯವನ್ನೂ ಪಕ್ಕದಲ್ಲಿ ಬರೆದು ತೋರಿಸಿ. ಹಳೆಯ ವಿದ್ಯಾರ್ಥಿಗಳೇ, ಊರಿಗೆ ಬಂದಾಗ ಅರ್ಧ ಗಂಟೆ ಈ ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತಾಡಿ ಹೋಗಿ. ದೇಣಿಗೆಯಷ್ಟೇ ಬೆಲೆ ಅದಕ್ಕಿದೆ. ತಂದೆ ತಾಯಂದಿರೇ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ, ಮಕ್ಕಳಿಂದ ದಿನವೂ ಒಂದು ಪುಟ ಗಟ್ಟಿಯಾಗಿ ಓದಿಸಿ, ಕೇಳಿಸಿಕೊಳ್ಳಿ. ಮಕ್ಕಳೇ, ಒಂದು ನೋಟ್ ಪುಸ್ತಕ ಇಟ್ಟು, ದಿನಕ್ಕೊಂದು ಜೋಡಿ ಬರೆದು, ನಿಮ್ಮ ಮನೆ, ಹೊಲ, ಶಾಲೆಯ ಸಂಗತಿಯಿಂದಲೇ ಒಂದು ವಾಕ್ಯ ಮಾಡಿ. ನಾಳೆ ಯಾರಾದರೂ ಪ್ರಶ್ನೆ ಕೇಳಿದಾಗ ಎದ್ದು ನಿಂತು ಉತ್ತರ ಹೇಳಿ.