ಓದುವ ಮಕ್ಕಳ ಸಂಕಟ
(ಕಾರ್ಮಿಕರ ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿ ಮುಚ್ಚಿ ಬಂದಿರುವ ವರ್ತಕ ಬಂಧುಗಳೇ,

ಕೂಲಿ, ಬೋನಸ್ಸು, ತೆರಿಗೆಗಳ ಮಾತು ನಾವು ಹಲವು ಸಲ ಆಡಿದ್ದೇವೆ. ಇಂದು ಎಂ.ಎ., ಎಂ.ಎಸ್‌ಸಿ., ಪಿಎಚ್.ಡಿ. ಓದುತ್ತಿರುವ ಮಕ್ಕಳ ಮಾತು. ಇದು ದೊಡ್ಡವರ ಮನೆಯ ಸಂಗತಿಯೆಂದು ತಿಳಿಯಬೇಡಿ. ಮಗ್ಗದ ಮುಂದೆ ನಿಂತವನ ಮಗಳು, ತಕ್ಕಡಿ ಹಿಡಿದವನ ಮಗ ಇಂದು ವಿಶ್ವವಿದ್ಯಾನಿಲಯದಲ್ಲಿದ್ದಾರೆ.

2018ರಲ್ಲಿ 26 ದೇಶಗಳ 2,279 ವಿದ್ಯಾರ್ಥಿಗಳನ್ನು, ಬಹುಪಾಲು ಪಿಎಚ್.ಡಿ.ಯವರನ್ನು, ವಿಚಾರಿಸಿದ ವರದಿಯೊಂದು ಬಂತು. ನೂರಕ್ಕೆ 39 ಮಂದಿಯಲ್ಲಿ ಖಿನ್ನತೆಯ, 41 ಮಂದಿಯಲ್ಲಿ ಆತಂಕದ ಲಕ್ಷಣ ಕಂಡವು. ನಮ್ಮ ದೇಶದಲ್ಲಿ 2022ರಲ್ಲಿ ಎಲ್ಲ ತರಗತಿಗಳ 13,044 ವಿದ್ಯಾರ್ಥಿಗಳು ತಾವೇ ಪ್ರಾಣ ಕಳೆದುಕೊಂಡರೆಂದು ಸರ್ಕಾರದ ಅಪರಾಧ ದಾಖಲೆ ಹೇಳುತ್ತದೆ. ಇವರೆಲ್ಲ ಮನಸ್ಸು ಗಟ್ಟಿಯಿಲ್ಲದವರೇ?

ಅವರ ದುಡಿಮೆಯ ರೀತಿ ನೋಡೋಣ. 1948ರ ಕಾರ್ಖಾನೆ ಕಾಯಿದೆ ನಮ್ಮ ದುಡಿಮೆಗೆ ವಾರಕ್ಕೆ 48 ಗಂಟೆಯ ಎಲ್ಲೆ ಹಾಕಿತು. ಸೈರನ್ ಕೂಗಿದರೆ ಪಾಳಿ ಮುಗಿಯಿತು. ಸಂಶೋಧಕನಿಗೆ ಸೈರನ್ ಇಲ್ಲ. ವಿಷಯ ಒಪ್ಪುವುದಕ್ಕೂ ಪ್ರಬಂಧ ಮುಂದೆ ಹೋಗುವುದಕ್ಕೂ ಮಾರ್ಗದರ್ಶಕರ ರುಜು ಬೇಕು. ಅವರು ಸಜ್ಜನರಾದರೆ ಸರಿ. ಇಲ್ಲವಾದರೆ ಅಪೀಲು ಎಲ್ಲಿ? ಶಿಷ್ಯವೇತನ ತಡವಾದರೆ ಮೆಸ್ಸಿನ ಬಾಕಿ ಬೆಳೆಯುತ್ತದೆ. ಇದರ ಮೇಲೆ ಜಾತಿಯ ಅವಮಾನ. ಹೈದರಾಬಾದಿನಲ್ಲಿ ರೋಹಿತ್ ವೇಮುಲ 2016ರ ಜನವರಿ 17ರಂದು ತೀರಿಕೊಂಡಾಗ ಅವರಿಗೆ ತಿಂಗಳುಗಟ್ಟಲೆ ಶಿಷ್ಯವೇತನ ಸಿಕ್ಕಿರಲಿಲ್ಲ, ಹಾಸ್ಟೆಲಿನಿಂದಲೂ ಹೊರಹಾಕಿದ್ದರು.

ಗಿರಣಿಯಲ್ಲಿ ಒಬ್ಬನ ಕೈ ಯಂತ್ರಕ್ಕೆ ಸಿಕ್ಕಿದರೆ ನಾವು ಕೈಯನ್ನು ಬೈಯುವುದಿಲ್ಲ, ಯಂತ್ರಕ್ಕೆ ಬೇಲಿ ಕೇಳುತ್ತೇವೆ. ಇಲ್ಲಿಯೂ ಅದೇ ನ್ಯಾಯ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ತರಬೇತಿ ಪಡೆದ ಒಬ್ಬ ಆಪ್ತ ಸಲಹೆಗಾರರನ್ನಾದರೂ ನೇಮಿಸಬೇಕೆಂದು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಕಾಗದದ ಆಜ್ಞೆ ತಾನಾಗಿ ನಡೆಯದೆಂಬುದು ನಮಗೆ ಗೊತ್ತಿದೆ. ಆದ್ದರಿಂದ ನಮ್ಮ ಒತ್ತಾಯ ಮೂರು: ಶಿಷ್ಯವೇತನ ತಿಂಗಳ ಮೊದಲ ವಾರದಲ್ಲಿ ಕೈಸೇರಲಿ, ಸಲಹೆಗಾರರ ನೇಮಕವಾಗಲಿ, ಮಾರ್ಗದರ್ಶಕರನ್ನು ಬದಲಿಸಲು ಹೆದರಿಕೆಯಿಲ್ಲದ ದಾರಿ ಇರಲಿ.

ಮನೆಯ ತಪ್ಪನ್ನೂ ಒಪ್ಪಿಕೊಳ್ಳೋಣ. ಮಗ ರಜಕ್ಕೆ ಬಂದು ಚೀಲ ಇಳಿಸುವ ಮುಂಚೆ "ಯಾವಾಗ ಮುಗಿಯುತ್ತದೆ, ಯಾವಾಗ ಸಂಬಳ ತರುತ್ತೀ?" ಎಂದು ಕೇಳುವವರು ನಾವೇ. "ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ?" ಎಂದು ಮೊದಲು ಕೇಳೋಣ. ಬದುಕು ಸಾಕೆಂಬ ಮಾತು ಬಂದರೆ ಗದರಬೇಡಿ, ಒಂಟಿಯಾಗಿ ಬಿಡಬೇಡಿ. ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಫೋನು ಮಾಡಲು ಕಾಸು ಬೇಡ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಅಂಗಡಿಯ ಗೋಡೆಯ ಮೇಲೆ, ಗಿರಣಿಯ ಬಾಗಿಲಲ್ಲಿ ಇಂದೇ ಬರೆದು ಹಾಕೋಣ.